ಸೇಡಿಲ್ಲದ ಕೊಲೆಗಾರರು: ಸಿನಿಮಾದ ಸೈಕೋ ಮತ್ತು ನಮ್ಮ ಟಿಳಕ್ ರಸ್ತೆ



ಕಾಲೇಜು ಹುಡುಗನೊಬ್ಬ. ನೋಡೋಕೆ ಸೌಮ್ಯ, ಓದಿನಲ್ಲಿ ಚುರುಕು, ಮೇಷ್ಟ್ರಿಗೆ ಅಚ್ಚುಮೆಚ್ಚು. ಇಂಟರ್ವಲ್ ಹೊತ್ತಿಗೆ ಕ್ಯಾಂಪಸ್ಸಿನಲ್ಲಿ ಮೂರು ಹೆಣ ಬಿದ್ದಿರುತ್ತವೆ. ಪೊಲೀಸರು ತಲೆ ಕೆಡಿಸಿಕೊಂಡಿರುತ್ತಾರೆ, ಪ್ರೇಕ್ಷಕರಾದ ನಾವು ಲೈಬ್ರರಿಯನ್ ಮೇಲೆ ಅನುಮಾನ ಪಡುತ್ತಿರುತ್ತೇವೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಫ್ಲ್ಯಾಶ್‌ಬ್ಯಾಕ್ ಬರುತ್ತದೆ. ಹುಡುಗನ ಅಕ್ಕನಿಗೋ ಅಮ್ಮನಿಗೋ ಯಾರೋ ಅನ್ಯಾಯ ಮಾಡಿರುತ್ತಾರೆ, ಅದಕ್ಕೇ ಈ ಸೇಡು. ನಾವು 'ಓ ಹೀಗಾ!' ಅಂತ ನಿಟ್ಟುಸಿರು ಬಿಟ್ಟು ಪಾರ್ಕಿಂಗ್ ಕಡೆ ಹೊರಡುತ್ತೇವೆ.

ಇಂಥ ಸಿನಿಮಾದ ಹಾಡು ಹಾಕಿದಾಗಲೆಲ್ಲ ನಮಗೆ ಬರುವ ಪ್ರಶ್ನೆ ಒಂದೇ: "ಇಂಥವರು ನಿಜವಾಗಲೂ ಇರ್ತಾರಾ?" ಇದಕ್ಕೆ ಉತ್ತರ ಹುಡುಕಲು ಹಾಲಿವುಡ್‌ಗೆ ಹೋಗಬೇಕಾಗಿಲ್ಲ. ಸ್ವಾರಗೇಟ್ ಕಡೆಯಿಂದ ಟಿಳಕ್ ರಸ್ತೆ ಹಿಡಿದರೆ ಸಾಕು. ನಮ್ಮಲ್ಲಿ ಐ.ಟಿ. ಕೆಲಸಕ್ಕೆ ಬಂದು ಹಿಂಜವಡಿಯಲ್ಲೋ ಖರಾಡಿಯಲ್ಲೋ ಮನೆ ಮಾಡಿಕೊಂಡವರಿಗೆ ಈ ಕಥೆ ಗೊತ್ತಿರಲಿಕ್ಕಿಲ್ಲ. ಆದರೆ ಸದಾಶಿವ ಪೇಠೆಯ ಯಾವುದೇ ಹಳೆಯ ಅಜ್ಜಿಯ ಮುಂದೆ 'ಜಕ್ಕಲ್' ಅನ್ನಿ. ಅವರು ಮೊದಲು ಬಾಗಿಲ ಚಿಲಕದ ಕಡೆ ನೋಡುತ್ತಾರೆ.

ಪತ್ರಿಕೆಗಳು ಇದನ್ನು 'ಜೋಶಿ-ಅಭ್ಯಂಕರ್ ಹತ್ಯಾಕಾಂಡ' ಎಂದು ಕರೆದವು. 1976ರ ಜನವರಿಯಿಂದ 1977ರ ಮಾರ್ಚ್‌ವರೆಗೆ ಹದಿನಾಲ್ಕು ತಿಂಗಳಲ್ಲಿ ಹತ್ತು ಕೊಲೆ. ಮಾಡಿದವರು ಟಿಳಕ್ ರಸ್ತೆಯ ಅಭಿನವ ಕಲಾ ಮಹಾವಿದ್ಯಾಲಯದಲ್ಲಿ ಕಮರ್ಶಿಯಲ್ ಆರ್ಟ್ ಕಲಿಯುತ್ತಿದ್ದ ನಾಲ್ವರು ವಿದ್ಯಾರ್ಥಿಗಳು: ರಾಜೇಂದ್ರ ಜಕ್ಕಲ್, ದಿಲೀಪ್ ಸುತಾರ್, ಶಾಂತಾರಾಮ್ ಜಗತಾಪ್ ಮತ್ತು ಮುನವ್ವರ್ ಶಾಹ್. ಬ್ರಷ್ಷು ಹಿಡಿದು ಪೋಸ್ಟರ್ ಬಿಡಿಸುವುದನ್ನು ಕಲಿಯಬೇಕಾಗಿದ್ದವರು. ಕುಡಿತ, ಸ್ಕೂಟರ್-ಮೋಟರ್‌ಬೈಕ್ ಕಳ್ಳತನ ಅಂತ ಕಾಲೇಜಿನಲ್ಲಿ ಮೊದಲೇ ಹೆಸರು ಕೆಡಿಸಿಕೊಂಡಿದ್ದರು. ಆದರೆ ಹೆಸರು ಕೆಟ್ಟ ಹುಡುಗರು ಯಾವ ಕಾಲೇಜಿನಲ್ಲಿ ಇಲ್ಲ ಹೇಳಿ?

ಮೊದಲ ಬಲಿಯ ಹೆಸರು ಕೇಳಿದರೆ ನಮ್ಮವರಿಗೆ ಒಂದು ಕ್ಷಣ ಉಸಿರು ಕಟ್ಟುತ್ತದೆ. ಪ್ರಕಾಶ್ ಹೆಗ್ಡೆ. ಕಾಲೇಜಿನ ಹಿಂಭಾಗದಲ್ಲಿದ್ದ 'ವಿಶ್ವ' ಹೋಟೆಲಿನ ಮಾಲೀಕರ ಮಗ. ಹೆಗ್ಡೆ ಎಂಬ ಹೆಸರು, ಹೋಟೆಲಿನ ವ್ಯವಹಾರ... ಪುಣೆಯಲ್ಲಿ ಇವೆರಡು ಒಟ್ಟಿಗೆ ಕೇಳಿದರೆ ನಮ್ಮ ಕರಾವಳಿ ನೆನಪಾಗದೆ ಇರುತ್ತದೆಯೇ? ಊರು ಬಿಟ್ಟು ಬಂದು ಲೋಟ ತೊಳೆಯುವುದರಿಂದ ಶುರು ಮಾಡಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಹೊತ್ತಿಗೆ ತಲೆ ನರೆತು, ಮಗನನ್ನಾದರೂ ಕಾಲೇಜಿಗೆ ಕಳಿಸಬೇಕು ಅಂದುಕೊಂಡ ತಂದೆಯರು ಈ ಊರಿನಲ್ಲಿ ಎಷ್ಟು ಮಂದಿಯೋ.

1976ರ ಜನವರಿ 15ರಂದು ಗೆಳೆಯರೇ ಪ್ರಕಾಶನನ್ನು ಏನೋ ನೆಪ ಹೇಳಿ ಕರೆದುಕೊಂಡು ಹೋದರು. ಕರ್ವೆ ರಸ್ತೆಯಲ್ಲಿ ಜಕ್ಕಲ್‌ನದೊಂದು ತಗಡಿನ ಶೆಡ್ ಇತ್ತು, ಅಲ್ಲಿಗೆ. 'ನಾನು ಮನೆ ಬಿಟ್ಟು ಹೋಗುತ್ತಿದ್ದೇನೆ' ಎಂಬ ಅರ್ಥದ ಚೀಟಿಯನ್ನು ಅವನ ಕೈಯಿಂದಲೇ ಬರೆಸಿಕೊಂಡರು. ಅದೇ ರಾತ್ರಿ ಸಾರಸ್‌ಬಾಗ್ ಪಕ್ಕದ ಪೇಶ್ವೆ ಪಾರ್ಕಿಗೆ ಕರೆದುಕೊಂಡು ಹೋಗಿ ಕೊಂದರು. ಶವವನ್ನು ಕಲ್ಲಿನ ಜೊತೆ ಕಬ್ಬಿಣದ ಪೀಪಾಯಿಗೆ ತುಂಬಿ ಅಲ್ಲಿನ ಕೆರೆಗೆ ಉರುಳಿಸಿದರು. ತಂದೆಗೆ ಹಣ ಕೇಳುವ ಪತ್ರ ಹೋದದ್ದು ಮರುದಿನ. ಅಂದರೆ ಬಿಡಿಸಿಕೊಳ್ಳಲು ಮಗನೇ ಉಳಿದಿರಲಿಲ್ಲ! ಪೀಪಾಯಿಯ ವಿಷಯ ಹೊರಬಂದದ್ದು ಒಂದು ವರ್ಷದ ಮೇಲೆ, ಇವರ ಬಂಧನ ಆದ ನಂತರ. ಪೇಶ್ವೆ ಪಾರ್ಕಿನಲ್ಲಿ ಆಗ ಪ್ರಾಣಿ ಸಂಗ್ರಹಾಲಯ ಇತ್ತು, ಆಮೇಲೆ ಅದು ಕಾತ್ರಜ್‌ಗೆ ಹೋಯಿತು. ಆ ಒಂದು ವರ್ಷ ಮಕ್ಕಳು ಅಲ್ಲಿ ಹುಲಿ, ಕೋತಿ ನೋಡಿಕೊಂಡು ಓಡಾಡುತ್ತಲೇ ಇದ್ದರು.

ಇಲ್ಲೊಂದು ಮಾತು. ಪ್ರಕಾಶ ಇವರಿಗೆ ಏನು ಮಾಡಿದ್ದ? ಏನೂ ಮಾಡಿರಲಿಲ್ಲ. ಜಗಳ ಇರಲಿಲ್ಲ, ಅವಮಾನ ಇರಲಿಲ್ಲ, ಹುಡುಗಿಯ ವಿಷಯ ಇರಲಿಲ್ಲ. ಅವನ ತಂದೆಯ ಹತ್ತಿರ ಹಣ ಇರಬಹುದು ಅನ್ನುವುದೊಂದೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ವಿವರ ಓದಿ ಯಾರಿಗೂ ಲಾಭವಿಲ್ಲ. 1976ರ ಅಕ್ಟೋಬರ್ 31ರ ರಾತ್ರಿ ವಿಜಯನಗರ ಕಾಲೊನಿಯ ಜೋಶಿಯವರ ಮನೆಗೆ ನುಗ್ಗಿ ಗಂಡ-ಹೆಂಡತಿಯನ್ನೂ, ಆಮೇಲೆ ಮನೆಗೆ ಬಂದ ಮಗನನ್ನೂ ಕೊಂದರು. ಸಿಕ್ಕಿದ್ದು ಮಂಗಳಸೂತ್ರ, ಗಡಿಯಾರ, ಕೆಲವು ಸಾವಿರ ರೂಪಾಯಿ. ನವೆಂಬರ್ 22ರಂದು ಶಂಕರಶೇಟ್ ರಸ್ತೆಯ ಒಂದು ಬಂಗಲೆಗೆ ಹೋದಾಗ ಮನೆಯೊಡತಿಯೂ ಇಬ್ಬರು ಕೆಲಸದವರೂ ತಿರುಗಿ ಬಿದ್ದರು. ಈ ಶೂರರು ತಂತಿ ಬೇಲಿ ಹಾರುವವರ ಹಾಗೆ ಕಾಲು ಕಿತ್ತರು. ಡಿಸೆಂಬರ್ 1ರ ರಾತ್ರಿ ಭಾಂಡಾರ್ಕರ್ ರಸ್ತೆಯ 'ಸ್ಮೃತಿ' ಬಂಗಲೆ. ಅಲ್ಲಿ ಐದು ಮಂದಿ: ಎಂಬತ್ತು ದಾಟಿದ ಕಾಶಿನಾಥ ಶಾಸ್ತ್ರಿ ಅಭ್ಯಂಕರ್, ಅವರ ಪತ್ನಿ, ಮೊಮ್ಮಗಳು, ಮೊಮ್ಮಗ, ಮನೆಗೆಲಸದ ಮುದುಕಿ.

ಈ ಅಭ್ಯಂಕರರು ಯಾರು ಅಂತ ಎರಡು ಸಾಲು ಹೇಳಲೇಬೇಕು. ಕೊಲೆಗಾರರ ಹೆಸರು ಐವತ್ತು ವರ್ಷ ಉಳಿಯುತ್ತದೆ, ಸತ್ತವರು 'ಬಲಿಪಶು' ಎಂಬ ಒಂದು ಶಬ್ದದಲ್ಲಿ ಮುಗಿದುಹೋಗುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಅವರು ಸಂಸ್ಕೃತ ವ್ಯಾಕರಣದ ದೊಡ್ಡ ವಿದ್ವಾಂಸರು. 1961ರಲ್ಲಿ ಬಡೋದೆಯಿಂದ ಪ್ರಕಟವಾದ ಅವರ ಸಂಸ್ಕೃತ ವ್ಯಾಕರಣ ಕೋಶವನ್ನು ಪಾಣಿನಿ ಓದುವವರು ಈಗಲೂ ತೆರೆದು ನೋಡುತ್ತಾರೆ. ಅವರ ತಂದೆ ವಾಸುದೇವ ಶಾಸ್ತ್ರಿಗಳು ಪತಂಜಲಿಯ ಮಹಾಭಾಷ್ಯವನ್ನು ಮರಾಠಿಗೆ ತಂದವರು. ಒಂದೊಂದು ಪರಿಭಾಷೆಯ ಅರ್ಥಕ್ಕಾಗಿ ವರ್ಷಗಟ್ಟಲೆ ಕೂತ ಮನುಷ್ಯ ಅದು.

ಆ ಚಳಿಗಾಲದಲ್ಲಿ ಪುಣೆ ಹೇಗಿತ್ತು ಅನ್ನುವುದನ್ನು ಇಲ್ಲಿನ ಹಿರಿಯರ ಬಾಯಿಂದಲೇ ಕೇಳಬೇಕು. ಸಂಜೆ ಆಗುತ್ತಿದ್ದಂತೆ ಬೀದಿ ಖಾಲಿ. ಬೆಲ್ ಹೊಡೆದರೆ ಬಾಗಿಲು ತೆರೆಯುವವರಿಲ್ಲ. ಹೆಸರು ಕೂಗಿ, ಇಂಥವರ ಮಗ, ಇಂಥವರ ಅಳಿಯ ಅಂತ ಹೇಳಿ, ಕಿಟಕಿಯಿಂದ ಮುಖ ತೋರಿಸಿದರೆ ಒಳಗೆ. ಇದೆಲ್ಲ ನಡೆದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ ಎಂಬುದನ್ನೂ ನೆನಪಿಡಿ. ರೈಲು ಸಮಯಕ್ಕೆ ಬರುತ್ತದೆ, ಶಿಸ್ತು ಬಂದಿದೆ ಅಂತ ಗೋಡೆ ಗೋಡೆಯ ಮೇಲೆ ಬರೆದಿದ್ದ ದಿನಗಳವು. ಶಿಸ್ತಿನ ಊರಿನಲ್ಲಿ ಜನ ಚಿಲಕ ಹಾಕಿಕೊಂಡು ಕೂತಿದ್ದರು.

ಸಿಕ್ಕಿಬಿದ್ದದ್ದು ಹೇಗೆ? 1977ರ ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ತೆರವಾಯಿತು. ಎರಡು ದಿನಕ್ಕೆ, ಮಾರ್ಚ್ 23ರಂದು, ಅಲ್ಕಾ ಟಾಕೀಸಿನ ಹತ್ತಿರ ಅನಿಲ್ ಗೋಖಲೆ ಎಂಬ ಹುಡುಗನನ್ನು ಮನೆಗೆ ಬಿಡುತ್ತೇವೆ ಅಂತ ಗಾಡಿ ಹತ್ತಿಸಿಕೊಂಡರು. ಅವರ ಕಾಲೇಜಿನ ಪರಿಚಯದವನ ತಮ್ಮ ಅವನು. ಮತ್ತೆ ಅದೇ ಶೆಡ್ಡು, ಅದೇ ನೈಲಾನ್ ಹಗ್ಗ. ಶವವನ್ನು ಕಬ್ಬಿಣದ ಏಣಿಗೆ ಕಟ್ಟಿ, ಕಲ್ಲಿನ ಭಾರ ಹಾಕಿ ಬಂಡ್ ಗಾರ್ಡನ್ ಹತ್ತಿರ ನದಿಗೆ ಬಿಟ್ಟರು. ಮರುದಿನ ಸಂಜೆಗೇ ನದಿ ಅದನ್ನು ಮೇಲೆ ತಂದು ಇಟ್ಟಿತು.

ಎ.ಸಿ.ಪಿ. ಮಧುಸೂದನ ಹುಲ್ಯಾಳ್ಕರ್ ಅವರ ತಂಡ ಆ ಹಗ್ಗವನ್ನೂ ಗಂಟನ್ನೂ ಗಮನಿಸಿತು. (ಅಂದ ಹಾಗೆ ಹುಲ್ಯಾಳ ಅನ್ನುವ ಊರು ನಮ್ಮ ಜಮಖಂಡಿ ತಾಲೂಕಿನಲ್ಲೂ ಇದೆ. ಸಂಬಂಧ ಇದೆಯೋ ಇಲ್ಲವೋ, ಹೆಸರು ಕೇಳಿದ ಕೂಡಲೇ ನನಗೆ ಅದೇ ನೆನಪಾಯಿತು.) ಹಳೆಯ ಕೊಲೆಗಳ ಗಂಟಿಗೂ ಈ ಗಂಟಿಗೂ ಹೋಲಿಕೆ ಕಂಡಿತು. ಅನಿಲ್ ಯಾರ ಜೊತೆ ಹೋದ ಎಂದು ವಿಚಾರಿಸುತ್ತ ಹೋದಾಗ ನಾಲ್ವರ ಮಾತೂ ಒಂದಕ್ಕೊಂದು ತಾಳೆಯಾಗಲಿಲ್ಲ. ಅವರ ಸಹಪಾಠಿಯೊಬ್ಬ ಬಾಯಿಬಿಟ್ಟ. ಮಾರ್ಚ್ 30ರಂದು ಬಂಧನ ಆಯಿತು. ಅಲ್ಲಿಗೆ ಸಿನಿಮಾದ ಜಾಣ ಕೊಲೆಗಾರನ ಚಿತ್ರವೂ ಮುಗಿಯಿತು ಅನ್ನಿ. ಇವರು ಜಾಣರಲ್ಲ. ಊರೇ ಹುಡುಕುತ್ತಿರುವಾಗ, ತಮ್ಮನ್ನು ಗುರುತಿಸುವವರ ಮನೆಯ ಹುಡುಗನನ್ನೇ ಎತ್ತಿಕೊಂಡು ಹೋದವರನ್ನು ಜಾಣರು ಅನ್ನುವುದು ಹೇಗೆ?

ಈಗ ಕಾನೂನಿನ ಒಂದು ಸಂಗತಿ. ಮನೆಯೊಳಗೆ ನಡೆದ ಕೊಲೆ, ನೋಡಿದವರು ಯಾರೂ ಬದುಕಿಲ್ಲ. ಸಾಕ್ಷಿ ಹೇಳುವವರು ಯಾರು? ಪ್ರಕಾಶ್ ಹೆಗ್ಡೆಯ ವಿಷಯದಲ್ಲಿ ಗುಂಪಿನ ಜೊತೆಗಿದ್ದ ಸುಹಾಸ್ ಚಾಂಡಕ್ ಎಂಬ ಐದನೆಯ ವಿದ್ಯಾರ್ಥಿ ಮಾಫಿ ಸಾಕ್ಷಿಯಾದ. ನಾವು ಕನ್ನಡದಲ್ಲೂ ಮಾಫಿ ಸಾಕ್ಷಿ ಅಂತಲೇ ಅನ್ನುತ್ತೇವಲ್ಲ. ತಪ್ಪಿನಲ್ಲಿ ಪಾಲಿದ್ದವನಿಗೆ ನ್ಯಾಯಾಲಯ ಕ್ಷಮೆ ಕೊಡುತ್ತದೆ, ಆದರೆ ಷರತ್ತು ಇರುತ್ತದೆ: ಗೊತ್ತಿರುವುದನ್ನೆಲ್ಲ, ತನ್ನ ಪಾಲನ್ನೂ ಸೇರಿಸಿ, ಮುಚ್ಚಿಡದೆ ಹೇಳಬೇಕು. ಆಗ ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯ 306ನೇ ಕಲಮು. 2024ರ ಜುಲೈಯಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಆದರೂ ಪದ್ಧತಿ ಅದೇ ಉಳಿದಿದೆ. ಹಾಗಂತ ಮಾಫಿ ಸಾಕ್ಷಿ ಹೇಳಿದ್ದೇ ವೇದವಾಕ್ಯ ಅಲ್ಲ. ತನ್ನ ಕುತ್ತಿಗೆ ಉಳಿಸಿಕೊಳ್ಳಲು ಇನ್ನೊಬ್ಬನ ಕುತ್ತಿಗೆ ಕೊಡುವವನ ಮಾತು ಅದು, ಆದ್ದರಿಂದ ಬೇರೆ ಪುರಾವೆ ಅದಕ್ಕೆ ಒತ್ತು ಕೊಡಬೇಕು ಎಂಬುದು ನ್ಯಾಯಾಲಯಗಳ ರೂಢಿ. ಇಲ್ಲಿ ಕೆರೆಯ ಪೀಪಾಯಿ, ಹಗ್ಗ, ಕದ್ದ ವಸ್ತುಗಳೆಲ್ಲ ಕೆಲಸಕ್ಕೆ ಬರುವುದು ಹಾಗೆ.

1978ರ ಮೇ ತಿಂಗಳಲ್ಲಿ ವಿಚಾರಣೆ ಶುರುವಾಗಿ ಸೆಪ್ಟೆಂಬರ್ 28ರಂದು ಪುಣೆಯ ಸೆಶನ್ಸ್ ನ್ಯಾಯಾಲಯ ನಾಲ್ವರಿಗೂ ಮರಣದಂಡನೆ ಕೊಟ್ಟಿತು. 1979ರ ಏಪ್ರಿಲ್‌ನಲ್ಲಿ ಮುಂಬಯಿ ಹೈಕೋರ್ಟು ಎತ್ತಿ ಹಿಡಿಯಿತು, 1980ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯ ಅರ್ಜಿಯನ್ನು ತಳ್ಳಿಹಾಕಿತು. ಆಮೇಲೆ ಒಂದು ತಿರುವು. 1983ರ ಫೆಬ್ರವರಿಯಲ್ಲಿ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು, ಗಲ್ಲು ಜಾರಿಯಾಗಲು ಎರಡು ವರ್ಷಕ್ಕಿಂತ ತಡವಾದರೆ ಅದನ್ನು ಜೀವಾವಧಿಯಾಗಿ ಬದಲಿಸಬೇಕು ಅಂದಿತು. ಒಂದೇ ತಿಂಗಳಿಗೆ ಇನ್ನೊಂದು ಪೀಠ, ಹಾಗೆ ಕಟ್ಟುನಿಟ್ಟಿನ ಲೆಕ್ಕ ಹಾಕಲಾಗದು ಅಂದಿತು. ಪುಣೆಯ ಖೈದಿಗಳೂ ತಡವಾಯಿತೆಂಬ ವಾದ ಹಿಡಿದು ಹೋದರು, ನ್ಯಾಯಾಲಯ ಒಪ್ಪಲಿಲ್ಲ. 1983ರ ನವೆಂಬರ್ 27ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಅದಕ್ಕೆ ಮೊದಲು ಮುನವ್ವರ್ ಶಾಹ್ ಜೈಲಿನಲ್ಲಿ ಕೂತು ತನ್ನ ಕಥೆ ಬರೆದ. ಪುಸ್ತಕದ ಹೆಸರೇ 'ಯೆಸ್, ಐ ಆಮ್ ಗಿಲ್ಟಿ'.

ಸರಿ, ಇವರೆಲ್ಲ ಸೈಕೋಗಳೇ?

ನಮ್ಮ ಮಾತಿನಲ್ಲಿ 'ಸೈಕೋ' ಅನ್ನುವ ಒಂದೇ ಶಬ್ದಕ್ಕೆ ಎರಡು ಬೇರೆ ಬೇರೆ ಸಂಗತಿಗಳನ್ನು ಕಟ್ಟಿಬಿಟ್ಟಿದ್ದೇವೆ. ಒಂದು ಸೈಕೋಸಿಸ್. ಇಲ್ಲದ ದನಿ ಕೇಳುವುದು, ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎಂಬ ಭ್ರಮೆ, ವಾಸ್ತವದ ಹಿಡಿತವೇ ತಪ್ಪುವ ಕಾಯಿಲೆ. ಇನ್ನೊಂದು ಸೈಕೋಪಥಿ. ಇಲ್ಲಿ ವಾಸ್ತವದ ಅರಿವು ಚೆನ್ನಾಗಿಯೇ ಇರುತ್ತದೆ. ಇಲ್ಲದಿರುವುದು ಕನಿಕರ, ಪಶ್ಚಾತ್ತಾಪ, ಭಯ. 1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ ಇಂಥವರ ಬಗ್ಗೆ ಬರೆದ ಪುಸ್ತಕಕ್ಕೆ 'ವಿವೇಕದ ಮುಖವಾಡ' ಎಂಬ ಅರ್ಥದ ಹೆಸರು ಕೊಟ್ಟ. ಮಾತು ಚಂದ, ನಡತೆ ಚಂದ, ಮುಖವಾಡದ ಹಿಂದೆ ಏನೂ ಇಲ್ಲ.

ಎರಡರ ವ್ಯತ್ಯಾಸವೂ ನಮ್ಮ ಪುಣೆಯಲ್ಲೇ ಸಿಗುತ್ತದೆ ನೋಡಿ. 1960ರ ದಶಕದಲ್ಲಿ ಮುಂಬಯಿಯ ಫುಟ್‌ಪಾತ್ ಮತ್ತು ಝೋಪಡಿಗಳಲ್ಲಿ ಮಲಗಿದ್ದವರನ್ನು ಕೊಂದ ರಾಮನ್ ರಾಘವನಿಗೂ ಮರಣದಂಡನೆ ಆಗಿತ್ತು. ಆದರೆ ವೈದ್ಯರ ಮಂಡಳಿ ಪರೀಕ್ಷಿಸಿ ಅವನಿಗೆ ವಾಸಿಯಾಗದ ಸ್ಕಿಜೋಫ್ರೇನಿಯಾ ಇದೆ ಅಂದಿತು. 1987ರಲ್ಲಿ ಮುಂಬಯಿ ಹೈಕೋರ್ಟು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಯರವಡಾದಲ್ಲಿದ್ದ ಅವನು 1995ರಲ್ಲಿ ಸಸೂನ್ ಆಸ್ಪತ್ರೆಯಲ್ಲಿ ತೀರಿಕೊಂಡ. ಅದೇ ಯರವಡಾ, ಬೇರೆ ತೀರ್ಪು. ಮಾಡುತ್ತಿರುವುದು ಏನು, ಅದು ತಪ್ಪು ಎಂದು ತಿಳಿಯಲಾಗದಷ್ಟು ಬುದ್ಧಿ ಕೆಟ್ಟಿದ್ದರೆ ಕಾನೂನು ವಿನಾಯಿತಿ ಕೊಡುತ್ತದೆ. ಮೊದಲು ದಂಡ ಸಂಹಿತೆಯ 84ನೇ ಕಲಮು, ಈಗ ನ್ಯಾಯ ಸಂಹಿತೆಯ 22ನೇ ಕಲಮು. ಕನಿಕರ ಇಲ್ಲ ಅನ್ನುವುದಕ್ಕೆ ವಿನಾಯಿತಿ ಇಲ್ಲ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ತೊಂದರೆ ಕೊಡುವವರಲ್ಲ. ಸಿನಿಮಾ ನೋಡಿ ಬಂದು ಪಕ್ಕದ ಮನೆಯ ಮಂಕಾದ ಹುಡುಗನಿಗೆ 'ಸೈಕೋ' ಅನ್ನುವವರೇ ಹೆಚ್ಚು ಹಾನಿ ಮಾಡುತ್ತಾರೆ.

ಸೈಕೋಪಥಿಯನ್ನು ಅಳೆಯಲು ಕೆನಡಾದ ರಾಬರ್ಟ್ ಹೇರ್ ಒಂದು ಪಟ್ಟಿ ಮಾಡಿದ್ದಾರೆ. ಇಪ್ಪತ್ತು ಲಕ್ಷಣ, ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು 40. ಅಮೆರಿಕ, ಕೆನಡಾದಲ್ಲಿ 30ಕ್ಕೆ ಗೆರೆ ಎಳೆಯುತ್ತಾರೆ. ತರಬೇತಿ ಇದ್ದವರು ಗಂಟೆಗಟ್ಟಲೆ ಮಾತಾಡಿಸಿ, ದಾಖಲೆ ನೋಡಿ ಹಾಕುವ ಅಂಕ ಅದು. ವಾರಪತ್ರಿಕೆಯ 'ನೀವೆಷ್ಟು ರೊಮ್ಯಾಂಟಿಕ್' ಥರದ ಪರೀಕ್ಷೆ ಅಲ್ಲ.

ಭಯದ ವಿಷಯದಲ್ಲಿ ಒಂದು ಹಳೆಯ ಪ್ರಯೋಗ ಇದೆ. 1957ರಲ್ಲಿ ಡೇವಿಡ್ ಲಿಕೆನ್ ಎಂಬಾತ ಇಂಥ ಸ್ವಭಾವದವರಿಗೆ ಸ್ವಿಚ್ಚುಗಳ ಒಂದು ಒಗಟು ಕೊಟ್ಟ. ಕೆಲವು ಸ್ವಿಚ್ ಒತ್ತಿದರೆ ಶಾಕ್. ನಮ್ಮಂಥವರು ನಾಲ್ಕು ಸಲ ಹೊಡೆಸಿಕೊಂಡು ಆ ಸ್ವಿಚ್ಚಿನ ಕಡೆ ಹೋಗುವುದಿಲ್ಲ. ಇವರು ಒಗಟು ಬಿಡಿಸುವುದನ್ನು ಕಲಿತರು, ಶಾಕ್ ತಪ್ಪಿಸಿಕೊಳ್ಳುವುದನ್ನು ಮಾತ್ರ ಅಷ್ಟಾಗಿ ಕಲಿಯಲಿಲ್ಲ. 2013ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಇನ್ನೊಂದು ಕುತೂಹಲದ ಸಂಗತಿ ಕಂಡರು. ಬೇರೆಯವರ ಕೈಗೆ ನೋವಾಗುವ ದೃಶ್ಯ ತೋರಿಸಿದಾಗ ಸೈಕೋಪಾಥ್ ಅಪರಾಧಿಗಳ ಮಿದುಳು ಹೆಚ್ಚು ಅಲುಗಲಿಲ್ಲ. 'ಅವರ ಜಾಗದಲ್ಲಿ ನಿಂತು ನೋಡಿ' ಅಂತ ಹೇಳಿ ತೋರಿಸಿದಾಗ ಅಂತರ ಬಹಳ ಕಡಿಮೆಯಾಯಿತು. ದೀಪ ಇದೆ, ತಾನಾಗಿ ಹತ್ತುವುದಿಲ್ಲ ಅನ್ನಬಹುದೇನೋ.

ಇನ್ನು ಸೇಡು. 2002ರಲ್ಲಿ ಕೆನಡಾದಲ್ಲಿ 125 ಕೊಲೆ ಅಪರಾಧಿಗಳನ್ನು ಅಧ್ಯಯನ ಮಾಡಿದರು. ಸೈಕೋಪಾಥ್‌ಗಳು ಮಾಡಿದ ಕೊಲೆಗಳಲ್ಲಿ ಶೇ. 93ರಷ್ಟು ತಣ್ಣಗೆ, ಏನೋ ಒಂದನ್ನು ಪಡೆಯಲು ಮಾಡಿದವು. ಉಳಿದವರಲ್ಲಿ ಆ ಪ್ರಮಾಣ ಶೇ. 48. ಆ ಕ್ಷಣದ ಸಿಟ್ಟು, ಅಸೂಯೆ, ಮನಸ್ಸಿಗಾದ ಪೆಟ್ಟು ಹೆಚ್ಚಾಗಿ ನಮ್ಮಂಥ ಸಾಮಾನ್ಯರ ರೋಗ. ಅಕ್ಕನ ಕಣ್ಣೀರು ನೆನೆದು ವರ್ಷಗಟ್ಟಲೆ ಕುದಿಯುವ ಹುಡುಗ ಅಪಾಯಕಾರಿ ಇರಬಹುದು, ಆದರೆ ಅವನಿಗೆ ಅಕ್ಕನ ಮೇಲೆ ಪ್ರೀತಿ ಇದೆಯಲ್ಲ! ಸಿನಿಮಾದವರು ಸೈಕೋಪಾಥ್ ಎಂದು ಹೆಸರಿಟ್ಟು, ಒಳಗೆ ಒಬ್ಬ ಭಾವಜೀವಿಯನ್ನು ಕೂರಿಸಿರುತ್ತಾರೆ. ಅವರನ್ನೂ ಬೈಯುವ ಹಾಗಿಲ್ಲ. ಟಿಕೆಟ್ಟು ಕೊಂಡವನಿಗೆ ಕಾರಣ ಬೇಕು. 'ಒಂದು ಗಡಿಯಾರಕ್ಕಾಗಿ ಮೂವರನ್ನು ಕೊಂದ' ಅಂತ ತೋರಿಸಿದರೆ ಕಥೆಯಲ್ಲಿ ದಮ್ಮಿಲ್ಲ ಅಂತ ನಾವೇ ಹೇಳುತ್ತೇವೆ.

ಜಕ್ಕಲ್ ಗುಂಪಿಗೆ ಯಾರೂ ಹೇರ್ ಪಟ್ಟಿ ಹಿಡಿದು ಅಂಕ ಹಾಕಲಿಲ್ಲ, ಆ ಪಟ್ಟಿ ಆಗ ಬಂದಿರಲೂ ಇಲ್ಲ. ಹಾಗಾಗಿ ನಾವು ಇಲ್ಲಿ ಕೂತು ಸರ್ಟಿಫಿಕೇಟು ಬರೆಯುವುದು ಸರಿಯಲ್ಲ. ಆದರೆ ನನ್ನನ್ನು ಕಾಡುವುದು ಲೆಕ್ಕ. ಜನಸಂಖ್ಯೆಯಲ್ಲಿ ಸೈಕೋಪಾಥ್‌ಗಳು ಸುಮಾರು ನೂರಕ್ಕೊಬ್ಬರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಕಾಲೇಜಿನ ಒಂದು ಗುಂಪಿನಲ್ಲಿ ನಾಲ್ವರೂ ಅದೇ ಆಗಿರುವುದು ಹೇಗೆ? ಒಬ್ಬ ಮುಂದೆ ನಡೆದ, ಉಳಿದವರು ಹಿಂದೆ ನಡೆದರು ಅನ್ನುವುದೇ ಹೆಚ್ಚು ನಂಬುವ ಹಾಗಿದೆ. ಮೊದಲು ಕದ್ದ ಸ್ಕೂಟರಿನ ಮೇಲೆ ಒಂದು ರೌಂಡು. ಆಮೇಲೆ 'ಸುಮ್ಮನೆ ಒಂದೆರಡು ದಿನ ಕೂಡಿಹಾಕೋಣ'. ಆಮೇಲೆ 'ಇವನು ನಮ್ಮನ್ನು ನೋಡಿದ್ದಾನೆ, ಬಿಟ್ಟರೆ ಕೆಟ್ಟೆವು'. ಒಂದು ಆದ ಮೇಲೆ ಹಿಂದೆ ಹೋಗುವ ದಾರಿ ಮುಚ್ಚಿತು. 1924ರಲ್ಲಿ ಶಿಕಾಗೋದಲ್ಲಿ ಲಿಯೋಪೋಲ್ಡ್ ಮತ್ತು ಲೋಬ್ ಎಂಬ ಇಬ್ಬರು ಶ್ರೀಮಂತ ವಿದ್ಯಾರ್ಥಿಗಳು ಪರಿಚಯದ ಹುಡುಗನನ್ನು ಕಾರಿಗೆ ಹತ್ತಿಸಿಕೊಂಡು ಹೋಗಿ ಕೊಂದು, ಆಮೇಲೆ ಹಣ ಕೇಳಿ ಪತ್ರ ಕಳಿಸಿದ್ದರು. ಅಲ್ಲೂ ಸೇಡಿಲ್ಲ. ಅಲ್ಲೂ ಒಬ್ಬನೇ ಆಗಿದ್ದರೆ ನಡೆಯುತ್ತಿತ್ತೋ ಇಲ್ಲವೋ.

ಸಿನಿಮಾ ಹುಡುಕುವವರಿಗೆ: ರಾಜದತ್ತ ನಿರ್ದೇಶಿಸಿದ ಮರಾಠಿಯ 'ಮಾಫೀಚಾ ಸಾಕ್ಷೀದಾರ್' 1986ರಲ್ಲಿ ಬಂತು. ಜಕ್ಕಲ್‌ನನ್ನು ಹೋಲುವ ಪಾತ್ರದಲ್ಲಿ ನಾನಾ ಪಾಟೇಕರ್ ಇದ್ದಾರೆ. ಅನುರಾಗ್ ಕಶ್ಯಪ್ ತಮ್ಮ ಮೊದಲ ಚಿತ್ರ 'ಪಾಂಚ್'ಗೆ ಇದೇ ಪ್ರಕರಣದಿಂದ ಎಳೆ ತೆಗೆದುಕೊಂಡರು. ಸೆನ್ಸಾರ್ ತಕರಾರು, ನಿರ್ಮಾಪಕರ ತೊಂದರೆ ಎಲ್ಲ ಸೇರಿ ಅದು ವರ್ಷಗಟ್ಟಲೆ ಡಬ್ಬದಲ್ಲೇ ಉಳಿಯಿತು. ಅವರೇ 2016ರಲ್ಲಿ ರಾಮನ್ ರಾಘವನ ಹೆಸರಿಟ್ಟೂ ಒಂದು ಚಿತ್ರ ಮಾಡಿದರು. ನಮ್ಮ ಕನ್ನಡದಲ್ಲಿ ನಿಜವಾದ ಗುಂಪೊಂದರ ಮೇಲೆ ಬಂದದ್ದು 2012ರ 'ದಂಡುಪಾಳ್ಯ'. ನನಗೆ ಕೇಳಿದರೆ ನಾನಾ ಪಾಟೇಕರ್ ಅವರದ್ದನ್ನು ಮೊದಲು ನೋಡಿ. ತಂತ್ರ ಹಳೆಯದು, ಬಣ್ಣ ಮಾಸಿದೆ. ಆದರೆ ಆ ಗುಂಪಿನ ಹುಡುಗರು ಬಾಗಿಲು ತಟ್ಟುವ ದೃಶ್ಯ ಬಂದಾಗ, ಜೊತೆಗೆ ಕೂತ ಪುಣೆಯ ಹಿರಿಯರ ಮುಖ ಒಮ್ಮೆ ನೋಡಿ.